ರೋಮಾಜಿಯಲ್ಲಿ ನಜ್ಜುಗುಜ್ಜಾದ ಹೆಸರುಗಳು

ಜಪಾನಿನ ಅಭಿಮಾನಿಗಳು ತಾವೇ ಬರೆದು, ತಮ್ಮ ದುಡ್ಡಲ್ಲೇ ಅಚ್ಚು ಹಾಕಿಸಿ ಮಾರುವ ಕಾಮಿಕ್ಸ್ ಪುಸ್ತಕಗಳಿಗೆ ದೋಜಿನ್‌ಶಿ ಅಂತಾರೆ. ನನಗೆ ಅವುಗಳ ಗೀಳು. ಹಳೆಯ ಪಟ್ಟಿಗಳಲ್ಲಿ ಅವುಗಳ ಹೆಸರು ಬರೀ ರೋಮಾಜಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಜಪಾನಿಯಲ್ಲಿ ಇರುತ್ತದೆ, ಅದೂ ಎದ್ವಾತದ್ವಾ. ರಾತ್ರಿ ಊಟ ಆದಮೇಲೆ ಅವನ್ನು ಬಿಡಿಸುತ್ತಾ ಕೂರುತ್ತೇನೆ.

‘ಕ್ಯೊ ಹಕಿಮಿ ತೊ ಉಮಿ ಹೆ’ ಅಂತ ಇದೆ ಅಂದುಕೊಳ್ಳಿ. ಹಕಿಮಿ ಯಾವುದೋ ಪಾತ್ರ ಅನಿಸುತ್ತದೆ. ಅಲ್ಲ. ಜಪಾನಿ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೆ ಇಳಿಸುವವರು ಎಲ್ಲೆಂದರಲ್ಲಿ ಕತ್ತರಿಸುತ್ತಾರೆ. ಈ ‘ಹ’ ಹಿಂದಿನ ಪದಕ್ಕೆ ಸೇರಿದ್ದು. ಬರೆಯುವುದು ‘ಹ’, ಓದುವುದು ‘ವ’. ಕೊನೆಯ ‘ಹೆ’ ಓದುವಾಗ ‘ಎ’, ನಮ್ಮ ‘ಗೆ’ ಪ್ರತ್ಯಯದ ಕೆಲಸ ಅದರದ್ದು. ‘ಕ್ಯೊ’ ನಿಜಕ್ಕೂ ದೀರ್ಘ. ಜೋಡಿಸಿದರೆ ‘ಕ್ಯೋ ವ ಕಿಮಿ ತೊ ಉಮಿ ಎ’: ಇವತ್ತು ನಿನ್ನ ಜೊತೆ ಕಡಲಿಗೆ. ಎಷ್ಟು ಚೆಂದ, ಅಲ್ವಾ?

ದೀರ್ಘ ಕಳೆದುಹೋದರೆ ಪಾಡು ಜಾಸ್ತಿ. ‘ಒಬಸನ್’ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ಬಳೆ, ಬಾಳೆ, ಬಲೆ ಮೂರನ್ನೂ ಇಂಗ್ಲಿಷಿನಲ್ಲಿ ಒಂದೇ ಥರ ಟೈಪ್ ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಟಿ-ಯು ಅಂತಿದ್ದರೆ ಅದು ‘ತ್ಸು’, ಎಸ್-ಐ ಅಂತಿದ್ದರೆ ‘ಶಿ’. ಅದು ತಪ್ಪಲ್ಲ, 1954ರಲ್ಲಿ ಜಪಾನ್ ಸರ್ಕಾರವೇ ಹೊರಡಿಸಿದ ಕುನ್ರೇ ಪದ್ಧತಿ. ಹೊರಗಿನವರಿಗೆ ರೂಢಿಯಾದದ್ದು ಹೆಪ್‌ಬರ್ನ್ ಅನ್ನುವ ಇನ್ನೊಂದು ಪದ್ಧತಿ. ಒಂದೇ ಹೆಸರಲ್ಲಿ ಎರಡೂ ಕಲೆತಿರುವುದುಂಟು.

ಅರ್ಥ ಆಗದಿದ್ದರೆ ಸುಮ್ನೆ ಊಹಿಸಿ ಬರೆದುಬಿಡುವುದು ನನಗೆ ಸರಿ ಕಾಣುವುದಿಲ್ಲ. ನಿದ್ದೆಗೆಟ್ಟು ಚಿತ್ರ ಬರೆದವರು ಇಟ್ಟ ಹೆಸರದು. ಮೊದಲು ಅದನ್ನು ಉಚ್ಚಾರಣೆ ಬರೆಯುವ ಜಪಾನಿ ಲಿಪಿ ಹಿರಾಗಾನಾದಲ್ಲಿ ಟೈಪ್ ಮಾಡಿ, ಕೀಬೋರ್ಡ್ ಯಾವ ಕಾಂಜಿ, ಅಂದರೆ ಅರ್ಥ ಹೇಳುವ ಚೀನೀ ಮೂಲದ ಅಕ್ಷರ, ತೋರಿಸುತ್ತದೆ ನೋಡುತ್ತೇನೆ. ಅಷ್ಟೇ ಸಾಲದು. ‘ಕಮಿ’ ಅಂದರೆ ದೇವರೂ ಹೌದು, ಕಾಗದವೂ ಹೌದು, ಕೂದಲೂ ಹೌದು. ಆಗ ಹೆಸರಿನ ಆಚೀಚೆ ಹುಡುಕಬೇಕು. ಶುರುವಿನ ಕಂಸದಲ್ಲಿ ‘ಸಿ 97’ ಇದ್ದರೆ 97ನೇ ಕಾಮಿಕೆಟ್, ಅಂದರೆ 2019ರ ಡಿಸೆಂಬರಿನಲ್ಲಿ ಟೋಕಿಯೊ ಬಿಗ್ ಸೈಟ್‌ನಲ್ಲಿ ನಡೆದ ದೋಜಿನ್‌ಶಿ ಮೇಳ. ಪಕ್ಕದ ಚೌಕ ಕಂಸದಲ್ಲಿ ಸರ್ಕಲ್ ಹೆಸರು, ಅಂದರೆ ಪುಸ್ತಕ ತಂದ ಗುಂಪಿನದು. ಇವೆರಡು ಗೊತ್ತಾದರೆ ಮುಖಪುಟ ಹುಡುಕುವುದು ಎಷ್ಟೋ ಸಲೀಸು.

ಮುಖಪುಟದ ಅಲಂಕಾರದ ಅಕ್ಷರ ಓದಲಿಕ್ಕಾಗದಿದ್ದರೆ ಪುಸ್ತಕದ ಕೊನೆಯಲ್ಲಿ ‘ಒಕುಜುಕೆ’ ಇರುತ್ತದೆ. ಹೆಸರು, ಸರ್ಕಲ್, ತಾರೀಕು, ಅಚ್ಚು ಹಾಕಿದ ಪ್ರೆಸ್ಸು, ಎಲ್ಲ ಅಲ್ಲಿ ನೆಟ್ಟಗಿನ ಅಕ್ಷರದಲ್ಲಿ ಸಿಗುತ್ತವೆ. ನಿಮ್ಮ ಹತ್ತಿರ ದೋಜಿನ್‌ಶಿ ಇದ್ದರೆ, ಪಟ್ಟಿಗೆ ಸೇರಿಸುವಾಗ ಆ ಪುಟ ನೋಡಿಕೊಂಡೇ ಹೆಸರು ಬರೆಯಿರಿ.