43ಕ್ಕೆ ಕರಾಟೆ: ಸರ್ವೆಯರ್ ಒಬ್ಬನ ಫೀಲ್ಡ್ ಬುಕ್

ಜೂನ್ 3

ಮೊದಲು ಅಳತೆ ಬರೆದಿಡುತ್ತೇನೆ. ಊರು ದಾವಣಗೆರೆ, ಕೆಲಸ ಜಮೀನು ಅಳೆಯೋದು. ವಯಸ್ಸು 43, ಎತ್ತರ 170 ಸೆಂಟಿಮೀಟರ್, ತೂಕ 91.4 ಕಿಲೋ. ಮೇ ತಿಂಗಳ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂದಿದೆ. 5.7ರಿಂದ 6.4ರೊಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 'ಹೊಸ್ತಿಲ ಮೇಲೆ ಕೂತಿದ್ದೀರಿ, ಒಳಗೆ ಬರಬೇಡಿ' ಅಂದರು ಡಾಕ್ಟರು.

ನಿಜ ಹೇಳಬೇಕೆಂದರೆ ರಿಪೋರ್ಟ್ ನೋಡಿ ನನಗೆ ಅಂಥ ಹೆದರಿಕೆ ಏನೂ ಆಗಲಿಲ್ಲ. ಹೆದರಿಕೆ ಆಗಿದ್ದು ನೆಂಟರ ಗೃಹಪ್ರವೇಶದಲ್ಲಿ. ನೆಲದ ಮೇಲೆ ಪಂಕ್ತಿ ಊಟ. ಊಟ ಮುಗಿದು ಎಲ್ಲರೂ ಎದ್ದರು. ನನಗೆ ಏಳೋಕೆ ಆಗಲಿಲ್ಲ. ಎಡಗೈ ಊರಿ ನೋಡಿದೆ, ಮಂಡಿ ಮಾತು ಕೇಳಲಿಲ್ಲ. ಬಲಗೈ ಎಂಜಲು, ಊರುವ ಹಾಗಿಲ್ಲ. ಕೊನೆಗೆ ಬಡಿಸುತ್ತಿದ್ದ ಹುಡುಗ ಸಾರಿನ ಬಕೆಟ್ ಕೆಳಗಿಟ್ಟು, ರಟ್ಟೆ ಹಿಡಿದು ಎಬ್ಬಿಸಿದ. ಹುಡುಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸರ್ವೆ ಕೆಲಸದವರಿಗೆ ಹೊಟ್ಟೆ ಬರೋದು ಹೇಗೆ ಅಂತ ಕೇಳಬಹುದು. ಮೊದಲು ಸರಪಳಿ ಎಳೆದುಕೊಂಡು ಬದುವಿನಿಂದ ಬದುವಿಗೆ ನಡೆಯುತ್ತಿದ್ದೆ. ಈಗ ರೋವರ್ ಇದೆ, ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ಯಂತ್ರ. ಮೂಲೆಯಲ್ಲಿ ಕೋಲು ನಿಲ್ಲಿಸಿದರೆ ಆಕಾಶದಿಂದಲೇ ಲೆಕ್ಕ ಬರುತ್ತದೆ. ಉಳಿದ ದಿನವೆಲ್ಲ ಕಂಪ್ಯೂಟರ್ ಮುಂದೆ ನಕ್ಷೆ.

ಬೆಳಗಿನ ವಾಕಿಂಗ್ ಶುರು ಮಾಡಿ 19 ದಿನಕ್ಕೆ ಬಿಟ್ಟೆ. ಈಗ ಕರಾಟೆ. ದೊಡ್ಡ ಆಸೆಯೇನೂ ಇಲ್ಲ. ನಮ್ಮ ಆಫೀಸಿನ ಎದುರಿಗೇ ಒಂದು ಶಾಲೆ. ವಾರಕ್ಕೆ ಮೂರು ದಿನ ಸಂಜೆ ಆರಕ್ಕೆ ಅಲ್ಲಿನ ಹಾಲ್‌ನಿಂದ 'ಇಚಿ, ನಿ, ಸಾನ್' ಅಂತ ಜಪಾನಿ ಎಣಿಕೆ ಕೇಳಿಸುತ್ತದೆ. ರಸ್ತೆ ದಾಟಿದರೆ ಆಯ್ತು, ನೆಪ ಹೇಳೋಕೆ ಜಾಗ ಇಲ್ಲ.

ದಾವಣಗೆರೆಯವನಾಗಿ ಕುಸ್ತಿ ಬಿಟ್ಟು ಕರಾಟೆಯಾ ಅಂತ ಸ್ನೇಹಿತರು ಬೈದರು. ನ್ಯಾಯವೇ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ನೋಡೋಕೆ ಜನ ಮುಗಿಬೀಳುವ ಊರು ಇದು. ಆದರೆ ಲಂಗೋಟಿ ಕಟ್ಟಿ ಮಣ್ಣಿಗೆ ಇಳಿಯೋಕೆ ಈ ಹೊಟ್ಟೆಗೆ ಧೈರ್ಯ ಇಲ್ಲ. ಕರಾಟೆಯಲ್ಲಿ ಮೈತುಂಬ ಬಟ್ಟೆ ಇರುತ್ತದಲ್ಲ!

ಜೂನ್ 10

ಮೊದಲ ಕ್ಲಾಸ್. ಆ ಬಿಳಿ ಬಟ್ಟೆಗೆ ಗಿ ಅನ್ನುತ್ತಾರೆ, ಸೈಜು ಎತ್ತರದ ಸೆಂಟಿಮೀಟರ್ ಲೆಕ್ಕ. ಆನ್‌ಲೈನ್‌ನಲ್ಲಿ 170 ತರಿಸಿದೆ. ಎತ್ತರಕ್ಕೆ ಸರಿಯಾಯಿತು, ಸುತ್ತಳತೆಗೆ ಆಗಲಿಲ್ಲ. ಎರಡು ಸುತ್ತು ಸುತ್ತಿದ ಮೇಲೆ ಬೆಲ್ಟಿನ ತುದಿಗಳು ಇಲಿಬಾಲದಷ್ಟು ಉಳಿದವು. ಗಂಟು ಹಾಕಿಕೊಟ್ಟವನು ಎರಡನೇ ಕ್ಲಾಸಿನ ಹುಡುಗ.

ಇಲ್ಲಿ ನಿಲ್ಲೋದು ವಯಸ್ಸಿನ ಪ್ರಕಾರ ಅಲ್ಲ, ಬೆಲ್ಟಿನ ಪ್ರಕಾರ. ಈ ಬೆಲ್ಟಿನ ಪದ್ಧತಿ ಕರಾಟೆಗೆ ಜೂಡೋದಿಂದ ಬಂದದ್ದಂತೆ. ಕಂದು, ನೀಲಿ, ಹಸಿರು, ಹೀಗೆ ಇಳಿಯುತ್ತಾ ಬಂದು ಸಾಲಿನ ಕೊನೆಯಲ್ಲಿ ನಾನು. ನನ್ನ ಪಕ್ಕದಲ್ಲಿ ಮುಂದಿನ ಹಲ್ಲು ಬಿದ್ದ ಒಬ್ಬ ಪುಟಾಣಿ. ಅವನಿಗೂ ನನಗೂ ಒಂದೇ ದರ್ಜೆ. ಅವನು ಒಂದು ವಾರ ಮುಂಚೆ ಸೇರಿದ್ದರಿಂದ ನನಗಿಂತ ಒಂದು ಮಣೆ ಮೇಲೆ.

ಮಾಸ್ಟರಿಗೆ ನನಗಿಂತ ಒಂಬತ್ತು ವರ್ಷ ಕಡಿಮೆ. ನಾನು ಅವರಿಗೆ 'ಸರ್' ಅಂದೆ. ಅವರೂ ನನಗೆ 'ಸರ್' ಅಂದರು. ಇಬ್ಬರೂ ಸರ್ ಸರ್ ಅಂದುಕೊಂಡು ನಿಂತದ್ದನ್ನು ನೋಡಿ ಮಕ್ಕಳೆಲ್ಲ ಕಿಸಕ್ ಅಂದರು.

ಒದೆಯೋದು, ಗುದ್ದೋದು ಕಷ್ಟ ಇರುತ್ತದೆ ಅಂದುಕೊಂಡಿದ್ದೆ. ಅದಕ್ಕೆ ಮುಂಚೆಯೇ ಸೋತೆ. ಕ್ಲಾಸ್ ಶುರುವಾಗೋದು ಸೇಜಾದಿಂದ. ಅಂದರೆ ನಮ್ಮ ವಜ್ರಾಸನವೇ. ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ನೆ ಕೂರಬೇಕು. ನನ್ನ ಕುಂಡಿಗೂ ಹಿಮ್ಮಡಿಗೂ ನಡುವೆ ನಾಲ್ಕು ಇಂಚು ಗಾಳಿ. ಟವೆಲ್ ಮಡಚಿ ಇಟ್ಟುಕೊಂಡೆ. 20 ಸೆಕೆಂಡಿಗೆ ಪಾದ ಜೋಮು ಹಿಡಿಯಿತು.

ಜೂನ್ 24

ಎರಡು ವಾರ ಬರೀ ನಿಲ್ಲೋದು ಕಲಿತೆ. ಜೆನ್‌ಕುತ್ಸು ದಾಚಿ ಅಂತ ಒಂದು ನಿಲುವು. ಮುಂದಿನ ಮಂಡಿ ಬಗ್ಗಿರಬೇಕು, ಹಿಂದಿನ ಕಾಲು ನೀಟಾಗಿ ಚಾಚಿರಬೇಕು, ಭಾರ ಮುಂದಿನ ಕಾಲಿನ ಮೇಲೆ ಸ್ವಲ್ಪ ಜಾಸ್ತಿ. ಕೇಳೋಕೆ ಸುಲಭ. ನಿಂತು ಹತ್ತು ಎಣಿಸಿದರೆ ತೊಡೆ ಗಡಗಡ.

ಆರನೇ ಕ್ಲಾಸಿನ ಕಂದು ಬೆಲ್ಟ್ ಹುಡುಗಿ ನನ್ನ ಮುಂದೆ ಬಂದು ಕೂತಳು. 'ಅಂಕಲ್, ನಿಮ್ಮ ಮಂಡಿ ಒಳಗೆ ಬೀಳ್ತಿದೆ. ಮಂಡಿ ನೋಡಿ, ಹೆಬ್ಬೆರಳು ಕಾಣಿಸ್ತಿದೆಯಾ?' ಕಾಣಿಸುತ್ತಿತ್ತು. 'ಹಾಗೆ ಪೂರ್ತಿ ಕಾಣಬಾರದು. ಮಂಡಿ ಹೊರಗೆ ತಳ್ಳಿ, ಪಾದದ ನೇರಕ್ಕೆ ತನ್ನಿ.' ತಳ್ಳಿದೆ. ಮಂಡಿಯ ಒಳಬದಿಯ ನೋವು ಅಲ್ಲೇ ಅರ್ಧ ಕಡಿಮೆ ಆಯಿತು. ಎರಡು ವರ್ಷದಿಂದ ಮೆಟ್ಟಿಲು ಇಳಿಯುವಾಗ ಕಾಡುತ್ತಿದ್ದ ನೋವು ಇದು. ಮಂಡಿ ಸವೆದಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಜುಲೈ 8

ತೂಕ 91.2. ಅಂದರೆ 200 ಗ್ರಾಂ. ಕಾರಣ ಗೊತ್ತಿದೆ. ಕ್ಲಾಸ್ ಮುಗಿದ ಕೂಡಲೇ ಸರ್ಕಲ್‌ನಲ್ಲಿ ಮಂಡಕ್ಕಿ, ನಾಲ್ಕು ಮಿರ್ಚಿ. ಬೆವರು ಸುರಿಸಿದ್ದೇನೆ ಅಂತ ನನಗೆ ನಾನೇ ಕೊಟ್ಟುಕೊಳ್ಳುವ ಬಹುಮಾನ.

ಜುಲೈ 19

ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ. ತಪ್ಪು ಪೂರಾ ನನ್ನದು. ತಡವಾಗಿ ಹೋದೆ, ಮೈ ಬಿಸಿ ಮಾಡಿಕೊಳ್ಳಲಿಲ್ಲ. ಸೀದಾ ಮಾಯೆ ಗೇರಿ, ಅಂದರೆ ಮುಂದಕ್ಕೆ ಒದೆಯುವ ಸಾಲಿಗೆ ಸೇರಿಕೊಂಡೆ. ಹಲ್ಲು ಬಿದ್ದ ಪುಟಾಣಿ ಸೊಂಟದ ಮೇಲೆ ಒದೆಯುತ್ತಿದ್ದ, ನಾನೂ ಅಷ್ಟೇ ಎತ್ತರಕ್ಕೆ ಒದೆಯೋಕೆ ಹೋದೆ. ಮೂರನೇ ಒದೆತಕ್ಕೆ, ನೆಲದ ಮೇಲಿದ್ದ ಕಾಲಿನಲ್ಲಿ ಯಾರೋ ಕಲ್ಲು ಹೊಡೆದ ಹಾಗಾಯಿತು.

ಮೂರು ವಾರ ರಜೆ. ನಾನು ಬಿಟ್ಟೆ ಅಂತಲೇ ಮನೆಯವಳು ತಿಳಿದಿದ್ದಳು. ನಾನೂ ಅರ್ಧ ಹಾಗೇ ಅಂದುಕೊಂಡಿದ್ದೆ.

ಆಗಸ್ಟ್ 12

ಬಿಡಲಿಲ್ಲ. ಆಫೀಸಿನಲ್ಲಿ ಕೂತಾಗ ಆರು ಗಂಟೆಗೆ ಎದುರಿನಿಂದ ಎಣಿಕೆ ಕೇಳಿಸುತ್ತಲೇ ಇತ್ತು. ಹತ್ತರವರೆಗೆ ಬಾಯಿಗೆ ಬಂದುಬಿಟ್ಟಿದೆ: ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಾಚಿ, ಕ್ಯು, ಜು. ನಾಲ್ಕಕ್ಕೆ ಶಿ. ಎಣಿಸುವಾಗ ಯಾರಿಗೋ 'ಶೀ' ಅಂತ ಬೈದ ಹಾಗೆ ಆಗುತ್ತದೆ.

ಈಗ ಒದೆತ ಮಂಡಿ ಎತ್ತರಕ್ಕಷ್ಟೇ. ಮಾಸ್ಟರ್ ಹೇಳಿದ್ದು ಒಂದೇ ಮಾತು. 'ಎತ್ತರ ಬೇಡ ಸರ್, ಮೊದಲು ಮಂಡಿ ಎತ್ತಿ. ಮಂಡಿ ಎಲ್ಲಿಗೆ ಬರುತ್ತೋ ಕಾಲು ಅಲ್ಲಿಗೇ ಹೋಗೋದು.'

ಇನ್ನೊಂದು ತೊಂದರೆ ಕಿಯಾಯ್, ಅಂದರೆ ಜೋರಾಗಿ ಕೂಗೋದು. 20 ವರ್ಷ ತಹಶೀಲ್ದಾರರ ಎದುರು ತಗ್ಗಿದ ದನಿಯಲ್ಲಿ ಮಾತಾಡಿದ ಗಂಟಲು ಇದು. ಹಾಲ್‌ನಲ್ಲಿ ಬರಲಿಲ್ಲ ಅಂತ ಮನೆಯ ಟೆರೇಸ್ ಮೇಲೆ ಪ್ರಾಕ್ಟೀಸ್ ಮಾಡಿದೆ. ಸಂಜೆ ಪಕ್ಕದ ಮನೆ ಅಜ್ಜಿ ಬಂದು ವಿಚಾರಿಸಿದರಂತೆ: 'ಏನವ್ವಾ, ನಿಮ್ಮೆಜಮಾನ್ರಿಗೆ ಹುಷಾರಿಲ್ಲೇನು?'

ಸೆಪ್ಟೆಂಬರ್ 14

ಇವತ್ತಿನದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಹೆಯಾನ್ ಶೋದಾನ್ ಅಂತ ಮೊದಲ ಕತಾ ಕಲಿಯುತ್ತಿದ್ದೇನೆ. ಇಲ್ಲದ ಎದುರಾಳಿಗಳ ಜೊತೆ ಒಂದು ಗೊತ್ತಾದ ಕ್ರಮದಲ್ಲಿ ಹೊಡೆದಾಡೋದೇ ಕತಾ. ಇದರಲ್ಲಿ 21 ಚಲನೆ. ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ನೇರ ಮುಂದಕ್ಕೆ ಮೂರು ಹೆಜ್ಜೆ ತಲೆ ಕಾಯುತ್ತಾ ಹೋಗಬೇಕು. ಅಲ್ಲಿ ಮತ್ತೆ ಎಡ ಬಲ ಆದ ಮೇಲೆ, ಬಂದ ದಾರಿಯಲ್ಲೇ ಮೂರು ಹೆಜ್ಜೆ ಗುದ್ದುತ್ತಾ ವಾಪಸ್. 9ನೇ ಮತ್ತು 17ನೇ ಚಲನೆಗೆ ಕೂಗು. ಕೊನೆಗೆ, ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು.

ಅದನ್ನು ಕೇಳಿದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ಇದು ಟ್ರಾವರ್ಸ್! ಸುತ್ತು ಹೊಡೆದು ಹೊರಟ ಕಲ್ಲಿಗೇ ವಾಪಸ್ ಬರಬೇಕು. ಬರದಿದ್ದರೆ ಎಷ್ಟು ದೂರ ತಪ್ಪಿದೆಯೋ ಅದು ಕ್ಲೋಸಿಂಗ್ ಎರರ್. ಭಾನುವಾರ ಟೆರೇಸ್ ಮೇಲೆ ಚಾಕ್‌ಪೀಸಿನಲ್ಲಿ ಎರಡೂ ಪಾದದ ಗುರುತು ಹಾಕಿ, ಕತಾ ಮಾಡಿ, ಟೇಪ್ ಹಿಡಿದೆ. ಶುರುವಿನ ಗುರುತಿಗಿಂತ 2 ಅಡಿ 1 ಇಂಚು ಹಿಂದೆ ಬಂದು ನಿಂತಿದ್ದೆ. ನಮ್ಮ ಹಳೇ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಹೆಚ್ಚುಕಡಿಮೆ ಒಂದು ಆಣೆ ತಪ್ಪು! ನನಗೆ ಕೆಲಸ ಕಲಿಸಿದ ಹಿರಿಯರು ಇದ್ದಿದ್ದರೆ ಪುಸ್ತಕ ಎಸೆದಿರುತ್ತಿದ್ದರು.

ಐದು ಸಲ ಮಾಡಿದೆ, ಐದು ಸಲವೂ ಹಿಂದಕ್ಕೇ. ಹಾಗಾದರೆ ಇದು ಕೈತಪ್ಪಲ್ಲ, ಎಲ್ಲೋ ಒಂದು ಕಡೆ ಖಾಯಂ ತಪ್ಪು ಕೂತಿದೆ. ಪ್ರತಿ ಹೆಜ್ಜೆಗೂ ಮಗಳ ಕೈಯಲ್ಲಿ ಗುರುತು ಹಾಕಿಸಿದೆ. ಮುಂದಕ್ಕೆ ಹೋಗುವ ಮೂರು ಹೆಜ್ಜೆ ಸೇರಿ 7 ಅಡಿ 4 ಇಂಚು. ವಾಪಸ್ ಬರುವ ಮೂರು 9 ಅಡಿ 1 ಇಂಚು. ಅಲ್ಲೇ 21 ಇಂಚು ಹೋಯಿತು. ಉಳಿದ 4 ಇಂಚು ತಿರುಗುವಾಗಿನದು.

ಯಾಕೆ ಹೀಗೆ? ಮಗಳು ವಿಡಿಯೋ ಮಾಡಿದಳು. ತಲೆ ಕಾಯಲು ಕೈ ಮೇಲೆತ್ತುವಾಗ ಕೈಯ ಜೊತೆ ನಾನೂ ಎದ್ದು ನಿಲ್ಲುತ್ತೇನೆ. ಎದ್ದರೆ ಹೆಜ್ಜೆ ಗಿಡ್ಡ. ಗುದ್ದುವಾಗ ಹುಮ್ಮಸ್ಸು ಜಾಸ್ತಿ, ಹೊಟ್ಟೆಯ ಭಾರಕ್ಕೆ ಮುಂದಕ್ಕೆ ಬೀಳುತ್ತೇನೆ. ಹೆಜ್ಜೆ ಉದ್ದ. ಕಾಪಾಡಿಕೊಳ್ಳುವಾಗ ಜಿಪುಣ, ಹೊಡೆಯುವಾಗ ಧಾರಾಳಿ.

ಬಟ್ಟೆ ಒಣಹಾಕುವ ಹಗ್ಗವನ್ನು ನಡೆಯುವ ದಾರಿಯ ಉದ್ದಕ್ಕೆ ಕಟ್ಟಿದೆ. ಮಂಡಿ ಬಗ್ಗಿಸಿ ನಿಂತಾಗ ನೆತ್ತಿಯಿಂದ ಎರಡು ಬೆರಳು ಮೇಲಿರಬೇಕು, ಅಷ್ಟೇ. ಎದ್ದರೆ ಹಗ್ಗ ತಲೆಗೆ ಸವರುತ್ತದೆ. ಮೊದಲ ದಿನ ಮೂರು ಹೆಜ್ಜೆಗೂ ಸವರಿತು. ಸವರದ ಹಾಗೆ ಹೋಗೋಕೆ ತೊಡೆಯಲ್ಲಿ ಇಷ್ಟೊಂದು ಜೀವ ಬೇಕು ಅಂತ ನನಗೆ ಗೊತ್ತಿರಲಿಲ್ಲ. ಹತ್ತು ಸಲ ಮಾಡುವಷ್ಟರಲ್ಲಿ ಟೆರೇಸಿನ ನೆಲದ ಮೇಲೆ ಬೆವರಿನ ಹನಿ ಸಾಲಾಗಿ ಬಿದ್ದಿತ್ತು. ಅದೂ ಒಂದು ಗಡಿ ಗುರುತೇ.

ಸೆಪ್ಟೆಂಬರ್ 30

ಎರರ್ 14 ಇಂಚು. ತೂಕ 88.3. ಮಿರ್ಚಿ ವಾರಕ್ಕೊಮ್ಮೆ ಮಾತ್ರ, ಅದೂ ಎರಡೇ.

ಅಕ್ಟೋಬರ್ 21

ಮಳೆ. ನಾಲ್ಕೇ ಜನ ಬಂದಿದ್ದೆವು. ಮಾಸ್ಟರ್ ಕೂತು ಕಥೆ ಹೇಳಿದರು. ಕಂಚಿಯಿಂದ ಹೋದ ಬೋಧಿಧರ್ಮನೇ ಚೀನಾದ ಶಾವೊಲಿನ್ ಮಠದಲ್ಲಿ ಇದನ್ನೆಲ್ಲ ಕಲಿಸಿದ್ದು ಅಂತ. ಬಹಳ ಕ್ಲಾಸುಗಳಲ್ಲಿ ಹೇಳುವ ಕಥೆ ಇದು. ಆದರೆ ಬೋಧಿಧರ್ಮನನ್ನು ಈ ವಿದ್ಯೆಗೆ ಗಂಟುಹಾಕುವ ಬರಹ ಸಿಗೋದು 17ನೇ ಶತಮಾನದ್ದು, ಅವನ ಕಾಲಕ್ಕೆ ಸಾವಿರ ವರ್ಷ ಈಚಿನದು. ದಾಖಲೆ ಇಲ್ಲದ ಗಡಿ ನಾನು ಒಪ್ಪೋದಿಲ್ಲ. ಮಾಸ್ಟರ್ ಎದುರು ಮಾತ್ರ ಸುಮ್ನೆ ತಲೆ ಆಡಿಸಿದೆ.

ದಾಖಲೆ ಇರುವ ಕಥೆಯೇ ನನಗೆ ಹೆಚ್ಚು ಇಷ್ಟ. ನಾವು ಕಲಿಯುವ ಶೋಟೊಕಾನ್ ಶೈಲಿಯ ಮೂಲಪುರುಷ ಫುನಾಕೋಶಿ ಗಿಚಿನ್ ಒಕಿನಾವಾ ದ್ವೀಪದ ಶಾಲಾ ಮೇಷ್ಟ್ರು. ಹುಟ್ಟಿದ್ದು 1868ರಲ್ಲಿ. ಕರಾಟೆ ತೋರಿಸಲು ಟೋಕಿಯೋಗೆ ಹೋಗಿದ್ದು 1922ರಲ್ಲಿ, 53ನೇ ವಯಸ್ಸಿನಲ್ಲಿ. ಹೋದವರು ಅಲ್ಲೇ ಉಳಿದರು. ಇನ್ನು ಈ ಹೆಯಾನ್ ಕತಾಗಳನ್ನು ಅವರ ಗುರು ಇತೊಸು ಹೆಣೆದದ್ದು ಶಾಲೆ ಮಕ್ಕಳಿಗೆ ಕಲಿಸೋಕೆ, ಕಳೆದ ಶತಮಾನದ ಆರಂಭದಲ್ಲಿ. ಹಲ್ಲು ಬಿದ್ದ ಪುಟಾಣಿಗೆ ಅದು ನನಗಿಂತ ಬೇಗ ಬಂದದ್ದರಲ್ಲಿ ಆಶ್ಚರ್ಯ ಏನಿದೆ!

ನವೆಂಬರ್ 23

ಹಳದಿ ಬೆಲ್ಟಿನ ಪರೀಕ್ಷೆ. ಬೇರೆ ಊರಿನಿಂದ ಪರೀಕ್ಷಕರು ಬಂದಿದ್ದರು. ಒಟ್ಟು 31 ಜನ. ಕಾಯುತ್ತಾ ಕೂತಿದ್ದ ತಂದೆತಾಯಿಯರಲ್ಲಿ ಒಬ್ಬರು ಬಂದು 'ನಿಮ್ಮ ಮಗುದು ಯಾವ ಬ್ಯಾಚ್ ಸರ್?' ಅಂದರು. ನಾನು ಗಿ ಹಾಕಿಕೊಂಡೇ ನಿಂತಿದ್ದೆ.

ಕತಾ ಕೆಟ್ಟಿರಲಿಲ್ಲ. ಐದು ಹೆಜ್ಜೆಯ ಜೋಡಿ ಕಾಳಗ, ಗೊಹೊನ್ ಕುಮಿತೆ, ಅದರಲ್ಲಿ ಮಾತ್ರ ಒದ್ದಾಡಿದೆ. ಎದುರಾಳಿ ಒಂಬತ್ತನೇ ಕ್ಲಾಸಿನ ಹುಡುಗ. ಮುಖಕ್ಕೆ ಐದು ಗುದ್ದು ಅಂತ ಮೊದಲೇ ಹೇಳಿ ಬರುತ್ತಾನೆ. ನಾನು ಹಿಂದೆ ಸರಿಯುತ್ತಾ ಐದನ್ನೂ ತಡೆಯಬೇಕು. ಬರೋದು ಗೊತ್ತಿದ್ದೂ ನಾಲ್ಕನೆಯದಕ್ಕೆ ಕಣ್ಣು ಮುಚ್ಚಿದೆ. ಗುದ್ದು ಮೂಗಿನ ಮುಂದೆ ಬಂದು ನಿಂತಿತ್ತು. ಹುಡುಗ ಪಿಸುಗುಟ್ಟಿದ, 'ಅಂಕಲ್, ಕಣ್ಣು ಬಿಡಿ.'

ಪಾಸ್. ಮುಂಗೈ ಎರಡು ದಿನ ನೇರಳೆ ಹಣ್ಣು.

ಡಿಸೆಂಬರ್ 15

ಎಚ್‌ಬಿಎ1ಸಿ 5.8. ಇದು ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಹಿಂದಿನ ದಿನ ಉಪವಾಸ ಮಾಡಿ ಮೋಸ ಮಾಡೋಕೆ ಆಗೋದಿಲ್ಲ. ಹೊಸ್ತಿಲು ಇನ್ನೂ ದಾಟಿ ಆಚೆ ಬಂದಿಲ್ಲ, ಆದರೆ ಕಾಲು ಆಚೆ ಇಟ್ಟಿದ್ದೇನೆ. ತೂಕ 85.9. ಕರಾಟೆ ಒಂದರಿಂದಲೇ ಇದೆಲ್ಲ ಆಯಿತು ಅಂದರೆ ಸುಳ್ಳಾಗುತ್ತದೆ. ರಾತ್ರಿ ಅನ್ನ ಅರ್ಧ ಮಾಡಿದ್ದೇನೆ, ಮಿರ್ಚಿ ಕಥೆ ಆಗಲೇ ಬರೆದಿದ್ದೇನೆ. ವಾರಕ್ಕೆ ಮೂರು ಸಂಜೆ ಆರರಿಂದ ಏಳೂವರೆಯವರೆಗೆ ಬಾಯಿಗೆ ಏನೂ ಬೀಳೋದಿಲ್ಲ, ಅದೂ ಒಂದು ಕಾರಣ ಇರಬಹುದು.

ಮೊನ್ನೆ ಚನ್ನಗಿರಿ ಕಡೆ ಒಂದು ಅಡಿಕೆ ತೋಟದಲ್ಲಿ ಕೆಲಸ. ಮರಗಳ ಕೆಳಗೆ ರೋವರ್‌ಗೆ ಆಕಾಶ ಸರಿಯಾಗಿ ಸಿಗಲಿಲ್ಲ. ಟೇಪ್ ಹಿಡಿದು, ಕುಕ್ಕರಗಾಲಲ್ಲಿ ಕೂತು, ಎದ್ದು, ಹೀಗೇ ಮಧ್ಯಾಹ್ನದವರೆಗೆ. ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಹೊಳೆಯಿತು, ಬೆಳಗ್ಗೆಯಿಂದ ಕೈ ಊರಿರಲಿಲ್ಲ.

ಟವೆಲ್ ಇಲ್ಲದೆ ವಜ್ರಾಸನ: 3 ನಿಮಿಷ 10 ಸೆಕೆಂಡ್. ಶೋದಾನ್ ಎರರ್: 6 ಇಂಚು. ಅಂದರೆ ಕಾಲಾಣೆ.

ಜನವರಿ 18

ಹೊಸ ಕತಾ ಶುರು. ಹೆಸರು ಹೆಯಾನ್ ನಿದಾನ್. ಹೆಸರಿನಲ್ಲೇ ನಿಧಾನ ಇದೆ ಅಂತ ನನಗೆ ಖುಷಿಯಾಯಿತು. ಮಾಸ್ಟರಿಗೆ ಹೇಳಿದೆ, ನಗಲಿಲ್ಲ. 26 ಚಲನೆ, ಶುರುವಿನಲ್ಲೇ ಹೆಚ್ಚಿನ ಭಾರ ಹಿಂದಿನ ಕಾಲಿನ ಮೇಲೆ. ಅಭ್ಯಾಸವಾಗಿದ್ದ ಜೆನ್‌ಕುತ್ಸು ದಾಚಿಗೆ ಪೂರಾ ಉಲ್ಟಾ.

ಟೆರೇಸ್ ಮೇಲೆ ಚಾಕ್ ಗುರುತು ಹಾಕಿ, ಮಗಳ ಕೈಗೆ ಟೇಪ್ ಕೊಟ್ಟು, ಪೂರ್ತಿ ಒಂದು ಸಲ ಮಾಡಿದೆ. ಕೊನೆಗೆ ನಿಂತು 'ಎಷ್ಟು?' ಅಂತ ಕೇಳಿದೆ.

'ಅಪ್ಪಾ, ಅಳೆಯೋದು ಆಮೇಲೆ,' ಅಂದಳು. 'ಮೊದಲು ಈ ಕಡೆ ತಿರುಗು. ನೀನು ಹೊರಟಿದ್ದು ನೀರಿನ ಟ್ಯಾಂಕ್ ಕಡೆ ಮುಖ ಮಾಡಿ.'