ಗೆರೆ ದಾಟಿದ ಗುಲಾಬಿ

ನಿನ್ನೆ ರಾತ್ರಿ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್’ ಎಂಬ ಸಸ್ಯಗಳ ಸಚಿತ್ರ ಪತ್ರಿಕೆಯ 19ನೇ ಶತಮಾನದ ಆರಂಭದ ಸಂಚಿಕೆಯೊಂದರ ಹೂವಿನ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಮುಂದಿನ ಎಲೆಗೆ ಹಸಿರು ತುಂಬಿದೆ. ಹಿಂದಿನ ಎಲೆಯನ್ನು ಬಣ್ಣವಿಲ್ಲದೆ, ಬರಿಯ ನರಗಳ ಗೆರೆಗಳಲ್ಲೇ ಬಿಟ್ಟಿದ್ದಾರೆ. ದಳದ ಅಂಚಿನಲ್ಲಿ ಗುಲಾಬಿ ಬಣ್ಣ ಗೆರೆಯನ್ನು ಕೂದಲೆಳೆಯಷ್ಟು ದಾಟಿ ಹೊರಬಂದಿದೆ.

1787ರಲ್ಲಿ ವಿಲಿಯಂ ಕರ್ಟಿಸ್ ಲಂಡನ್ನಿನಲ್ಲಿ ಆರಂಭಿಸಿದ ಈ ಪತ್ರಿಕೆಗಾಗಿ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಅಚ್ಚೊತ್ತಿದ ಮೇಲೆ, ಮಾದರಿ ಪ್ರತಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ಹಾಳೆಗೂ ಕುಂಚದಿಂದಲೇ ಜಲವರ್ಣ ಹಚ್ಚುತ್ತಿದ್ದರು. ತಾಮ್ರದ ಜಾಗಕ್ಕೆ ಕಲ್ಲಚ್ಚು ಬಂದ ಮೇಲೂ ಕೈಬಣ್ಣ ನಿಲ್ಲಲಿಲ್ಲ, 1948ರವರೆಗೂ ನಡೆಯಿತು. 1834ರಿಂದ ನಾಲ್ಕು ದಶಕಗಳ ಕಾಲ ಇದಕ್ಕೆ ಚಿತ್ರ ಬರೆದ ವಾಲ್ಟರ್ ಹುಡ್ ಫಿಚ್ ಅವರ ಹೆಸರು ಉಳಿದಿದೆ, ಉಳಿಯಲೇಬೇಕು. ಆದರೆ ನಾನು ನೋಡಿದ ಹಾಳೆಯಲ್ಲಿ ಬಣ್ಣ ತುಂಬಿದವರ ಹೆಸರು ಎಲ್ಲಿಯೂ ಇಲ್ಲ. ಅದೇ ಹೂವಿಗೆ ಮತ್ತೆ ಮತ್ತೆ ಅದೇ ಬಣ್ಣ ಹಚ್ಚಿದ ಆ ಕೈ ಈ ದಳದ ಬಳಿ ಒಂದು ಕ್ಷಣ ಅಲುಗಿದೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಆಪ್ತವೆನಿಸಿದ್ದು ಆ ಜಾಗವೇ.