ಲೇಯರ್ ಜೆಲ್ಲಿ, ಅದೂ ಚೈನಾಗ್ರಾಸ್‌ದು

ನಾಳೆ ಪಾಟ್‌ಲಕ್, ಅಂದ್ರೆ ಎಲ್ರೂ ಒಂದೊಂದು ಅಡುಗೆ ತರೋ ಊಟ, ಪ್ರತಿ ಸಲ ಪುಳಿಯೋಗರೆ ಒಯ್ದು ಬೇಜಾರಾಗಿ ಈ ಸಲ ಲೇಯರ್ ಜೆಲ್ಲಿ ಮಾಡ್ತೀನಿ ಅಂತ ಒಪ್ಕೊಂಡುಬಿಟ್ಟೆ. ಇಲ್ಲಿ ಅಮೆರಿಕದಲ್ಲಿ ಅಜ್ಜಿಯಂದಿರ ಕಾಲದ ಐಟಂ ಇದು, ಕೆಂಪು ಬಿಳಿ ಹಸಿರು ಅಂತ ಒಂದರ ಮೇಲೊಂದು ಪದರ, ಒಳಗೆ ಹಣ್ಣಿನ ತುಂಡು. ಇದಕ್ಕೆ ಇಲ್ಲಿಯವರು ಬಳಸೋ ಜೆಲ್ಲಿ ಪುಡಿ ಬ್ರ್ಯಾಂಡ್ ಜೆಲ್ಲೊ ಹುಟ್ಟಿದ್ದು 1897ರಲ್ಲಿ, ನ್ಯೂಯಾರ್ಕ್ ರಾಜ್ಯದ ಲೆರಾಯ್ ಅನ್ನೋ ಪುಟ್ಟ ಊರಲ್ಲಿ. ಯೂಟಾದವರಂತೂ 2001ರಲ್ಲಿ ಅದನ್ನ ರಾಜ್ಯದ ಅಧಿಕೃತ ತಿಂಡಿನೇ ಮಾಡ್ಕೊಂಡ್ರು, ನಮ್ಮಲ್ಲಾಗಿದ್ರೆ ಮೈಸೂರ್ ಪಾಕಾ ಧಾರವಾಡ ಪೇಡಾನಾ ಅಂತ ಜಗಳವೇ ಮುಗೀತಿರ್ಲಿಲ್ಲ.

ಅದನ್ನ ಗಟ್ಟಿ ಮಾಡೋ ಜೆಲಾಟಿನ್ ಅಂದ್ರೆ ಪ್ರಾಣಿಗಳ ಮೂಳೆ ಚರ್ಮದ್ದು, ನಾಳೆ ಬರೋರಲ್ಲಿ ಅರ್ಧ ಜನ ತಿನ್ನಲ್ಲ, ಅದಕ್ಕೇ ಸಮುದ್ರದ ಪಾಚಿಯಿಂದ ಮಾಡೋ ಚೈನಾಗ್ರಾಸ್. ಹೋದ್ಸಲ ಕೆಳಗಿನ ಪದರ ಪೂರ್ತಿ ಗಟ್ಟಿಯಾಗಲಿ ಅಂತ ಫ್ರಿಜ್ಜಲ್ಲಿಟ್ಟು ಮರೆತೆ, ಕಟ್ ಮಾಡಿದ್ರೆ ಒಂದೊಂದು ಪದರ ಒಂದೊಂದು ದಿಕ್ಕಿಗೆ ಜಾರ್ಕೊಂಡು ಹೋಯ್ತು! ಬೆರಳಿಟ್ರೆ ಇನ್ನೂ ಚೂರು ಅಂಟಬೇಕು, ಆಗಲೇ ಮುಂದಿನದನ್ನ ಬಿಸಿಬಿಸಿಯಾಗಿ, ಸೌಟಿನ ಬೆನ್ನ ಮೇಲೆ ನಿಧಾನಕ್ಕೆ ಸುರೀಬೇಕು. ಇನ್ನೊಂದು, ಜೆಲಾಟಿನ್‌ಗೆ ಹಸಿ ಅನಾನಸ್ ಹಾಕಿದ್ರೆ ಸೆಟ್ಟೇ ಆಗಲ್ಲ, ಅದರಲ್ಲಿರೋ ಕಿಣ್ವ ಪ್ರೋಟೀನನ್ನೇ ಒಡೆದುಹಾಕತ್ತೆ, ಡಬ್ಬಿದಾದ್ರೆ ಓಕೆ. ಚೈನಾಗ್ರಾಸ್ ಪಾಚಿದಲ್ವಾ, ಅದಕ್ಕೆ ಆ ತಲೆನೋವಿಲ್ಲ. ಆದ್ರೆ ಜೆಲಾಟಿನ್ ಥರ ತಟ್ಟೇಲಿ ಥಳಥಳ ಕುಣಿಯಲ್ಲ ಇದು, ನಿಜ ಹೇಳ್ಬೇಕಂದ್ರೆ ನೋಡೋ ಮಜಾ ಅರ್ಧ ಅಲ್ಲೇ ಹೋಯ್ತು.

ಈಗ ಐದೈದು ನಿಮಿಷಕ್ಕೆ ಫ್ರಿಜ್ ಬಾಗ್ಲು ತೆಗೆದು ನೋಡ್ತಿದೀನಿ. ಚಿಕ್ಕವಳಿದ್ದಾಗ ಅಮ್ಮ ಕಸ್ಟರ್ಡ್ ಇಟ್ಟಾಗಲೂ ಹೀಗೇ ಮಾಡಿ ಬೈಸ್ಕೋತಿದ್ದೆ, ಈಗ ಬೈಯೋಕೆ ಯಾರೂ ಇಲ್ಲ ಮನೇಲಿ, ಒಂಥರಾ ಅನ್ನಿಸ್ತು.

ಇನ್ನೂ ಮೂರು ಪದರ ಬಾಕಿ ಇದೆ.